ಪೆಟ್ರೋಲಿಗೆ ಬೆರೆಸಿದ ಅಕ್ಕಿ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಬಂಕಿನಲ್ಲಿ ಐದು ಲೀಟರು ಪೆಟ್ರೋಲು ಹಾಕಿಸಿಕೊಂಡರೆ ಈಗ ಅದರಲ್ಲಿ ಒಂದು ಲೀಟರು ಪೆಟ್ರೋಲಲ್ಲ. ಅದು ಎಥನಾಲ್, ಎಂದರೆ ನೀರಿನಂಶ ತೆಗೆದ ಮದ್ಯಸಾರ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಒಂದು ಮಾತಿನಲ್ಲಿ ಉತ್ತರ ಕೊಡಲಾರೆ. ಯಾವುದರಿಂದ ಮಾಡಿದ್ದು, ಯಾರ ಖರ್ಚಿನಲ್ಲಿ ಮಾಡಿದ್ದು ಎಂಬುದನ್ನು ಮೊದಲು ಕೇಳಬೇಕು.

ನೆಲದಲ್ಲಿ ಬೆಳೆದದ್ದನ್ನು ಉರಿಸಿ ಗಾಡಿ ಓಡಿಸುವುದು ಹೊಸದೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ನಮ್ಮ ಕಡೆಯ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಿದ್ದೂ ಉಂಟು. 1948ರಲ್ಲೇ ಪೆಟ್ರೋಲಿಗೆ ಮದ್ಯಸಾರ ಬೆರೆಸಲು ದೆಹಲಿಯಲ್ಲಿ ಕಾನೂನಾಗಿತ್ತು. ಅಂಥ ಕಾನೂನೊಂದಿದೆ ಎಂಬುದನ್ನೇ ಜನ ಮರೆತಿದ್ದರು. 2000ದಲ್ಲಿ ಅದನ್ನು ತೆಗೆದೇ ಹಾಕಿದರು. ಮೂರೇ ವರ್ಷಕ್ಕೆ, 2003ರಲ್ಲಿ, ಕೆಲವು ರಾಜ್ಯಗಳಲ್ಲಿ ನೂರಕ್ಕೆ 5ರಂತೆ ಬೆರೆಸುವ ಕೆಲಸ ಮತ್ತೆ ಶುರುವಾಯಿತು. ಅದು ಕುಂಟುತ್ತಲೇ ನಡೆಯಿತು. 2013-14ರಲ್ಲಿ ಬೆರೆತದ್ದು ನೂರಕ್ಕೆ ಒಂದೂವರೆಯಷ್ಟು ಮಾತ್ರ. ಆಮೇಲೆ ಓಟ ಹಿಡಿಯಿತು: 2022ರ ಜೂನ್ ಹೊತ್ತಿಗೆ 10, 2025ರಲ್ಲಿ 20. ಈ 20ನ್ನು ಮುಟ್ಟಲು 2018ರ ನೀತಿಯಲ್ಲಿ ಹಾಕಿಕೊಂಡಿದ್ದ ಗಡುವು 2030.

ಇದರ ಪರವಾದ ಮಾತು ಸುಳ್ಳಲ್ಲ. ನಾವು ಉಪಯೋಗಿಸುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಹೊರದೇಶದ್ದು. ಅಷ್ಟು ಹಣ ಹಡಗು ಹತ್ತಿ ಹೋಗುವುದು ತಪ್ಪಿದರೆ ಯಾರಿಗೆ ಬೇಡ? ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿ ಬರಿಸಿ ಬಟ್ಟಿ ಇಳಿಸಿದರೆ ಒಂದು ಟನ್ನಿಗೆ ಸುಮಾರು 225 ಲೀಟರು ಎಥನಾಲ್ ಸಿಗುತ್ತದೆ. ಉಳಿಕೆ ಪದಾರ್ಥದಿಂದ ಇಂಧನ. ಅಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ.

ತಕರಾರು ಕಾಕಂಬಿ ಸಾಲದೆ ಹೋದ ಮೇಲಿನದು. ನೂರಕ್ಕೆ 20 ಮುಟ್ಟಬೇಕಾದರೆ ಕಬ್ಬಿನ ಹಾಲನ್ನೇ ಬಟ್ಟಿಗೆ ಹಾಕಬೇಕಾಯಿತು. ಆಮೇಲೆ ಮೆಕ್ಕೆಜೋಳ, ನುಚ್ಚಕ್ಕಿ, ಕೊನೆಗೆ ಆಹಾರ ನಿಗಮದ ಗೋದಾಮಿನ ಅಕ್ಕಿ. ಮೆಕ್ಕೆಜೋಳ ಮಾರುತ್ತಿದ್ದ ದೇಶ 2024ರಲ್ಲಿ ಅದನ್ನು ಹೊರಗಿನಿಂದ ತರಿಸಿತು. ಕೋಳಿ ಸಾಕುವವರಿಗೆ ಅದರ ಬಿಸಿ ತಟ್ಟಿತು.

ಅಕ್ಕಿಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2023ರ ಜುಲೈಯಿಂದ ಕರ್ನಾಟಕದಲ್ಲಿ ಅನ್ನಭಾಗ್ಯದ ಅಕ್ಕಿಯನ್ನು ತಲೆಗೆ 10 ಕಿಲೋಗೆ ಏರಿಸಬೇಕೆಂದಿತ್ತು. ಹೆಚ್ಚುವರಿ ಅಕ್ಕಿಗೆ ಕಿಲೋಗೆ 34 ರೂಪಾಯಿ ಕೊಡುತ್ತೇವೆ ಎಂದು ರಾಜ್ಯ ಹೇಳಿತು. ಜೂನ್ ತಿಂಗಳಲ್ಲಿ, ರಾಜ್ಯ ಸರ್ಕಾರಗಳಿಗೆ ಗೋದಾಮಿನ ಅಕ್ಕಿ ಮಾರುವುದಿಲ್ಲ ಎಂಬ ಆಜ್ಞೆ ಕೇಂದ್ರದಿಂದ ಹೊರಟಿತು. ಮುಕ್ತ ಮಾರುಕಟ್ಟೆಯಲ್ಲಿ ಬೆಲೆ ಏರದಂತೆ ದಾಸ್ತಾನು ಉಳಿಸಬೇಕು ಎಂಬುದು ಕೊಟ್ಟ ಕಾರಣ. ಅದೇ ಗೋದಾಮಿನಿಂದ ಎಥನಾಲ್ ಕಾರ್ಖಾನೆಗಳಿಗೆ ಕಿಲೋಗೆ 20 ರೂಪಾಯಿಯಂತೆ ಅಕ್ಕಿ ಹೋಗುತ್ತಿತ್ತು. ಅದನ್ನು ನಿಲ್ಲಿಸಿದ್ದು ಜುಲೈಯಲ್ಲಿ. ರಾಜ್ಯದವರು 5 ಕಿಲೋ ಅಕ್ಕಿಯ ಬದಲು 170 ರೂಪಾಯಿ ಖಾತೆಗೆ ಹಾಕಿದರು. ಆ ಹಣಕ್ಕೆ ಅಂಗಡಿಯಲ್ಲಿ ಎಷ್ಟು ಅಕ್ಕಿ ಬಂತೆಂದು ಅಂಗಡಿಯವರೂ ಇಲ್ಲಿದ್ದೀರಿ, ಕೊಂಡವರೂ ಇದ್ದೀರಿ.

2025ರಲ್ಲಿ ದಾಸ್ತಾನು ತುಂಬಿತು. ರಾಜ್ಯಕ್ಕೂ 22 ರೂಪಾಯಿ 50 ಪೈಸೆಗೆ ಅಕ್ಕಿ ಸಿಕ್ಕಿತು. ಫೆಬ್ರುವರಿಯಿಂದ ಹಣದ ಬದಲು ಅಕ್ಕಿಯೇ ಬಂತು ಎಂಬುದನ್ನೂ ಹೇಳಬೇಕು. ಆದರೆ ಅದೇ ದರದಲ್ಲಿ 52 ಲಕ್ಷ ಟನ್ನನ್ನು ಎಥನಾಲಿಗೆ ಎಂದು ಎತ್ತಿಟ್ಟರು. ಕೊಂಡು, ಸಾಗಿಸಿ, ಕಾಯ್ದಿಡುವ ವೆಚ್ಚವೆಲ್ಲ ಸೇರಿ ಆ ಅಕ್ಕಿ ನಿಗಮಕ್ಕೆ ಕಿಲೋಗೆ 40 ರೂಪಾಯಿಯ ಹತ್ತಿರ ಬಿದ್ದದ್ದು. ನಡುವಿನ ವ್ಯತ್ಯಾಸ ಕಟ್ಟುವವರು ತೆರಿಗೆ ಕೊಡುವ ನಾವು ನೀವು.

ಲೆಕ್ಕ ಹಾಕಿ ನೋಡಿ. ಒಂದು ಟನ್ನು ಅಕ್ಕಿಗೆ ಸುಮಾರು 450 ಲೀಟರು ಎಥನಾಲ್. 40 ಲೀಟರು ಹಿಡಿಯುವ ಕಾರಿನ ಟ್ಯಾಂಕಿನಲ್ಲಿ ಎಥನಾಲಿನ ಪಾಲು 8 ಲೀಟರು. ಅದನ್ನು ಅಕ್ಕಿಯಿಂದಲೇ ಮಾಡಿದರೆ ಬೇಕಾಗುವುದು 18 ಕಿಲೋ, ಎಂದರೆ ಹತ್ತಿರ ಹತ್ತಿರ ಇಬ್ಬರ ಒಂದು ತಿಂಗಳ ಪಡಿತರ. ಕಾರು ಅದನ್ನು ಒಂದು ವಾರದಲ್ಲಿ ಕುಡಿದು ಮುಗಿಸುತ್ತದೆ.

ಇನ್ನು ಬಂಕಿನ ಮಾತು. ಒಂದು ಲೀಟರು ಎಥನಾಲಿನ ಶಾಖ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು. 2021ರಲ್ಲಿ ನೀತಿ ಆಯೋಗದ ವರದಿಯೇ ಹಳೆಯ ನಮೂನೆಯ ದ್ವಿಚಕ್ರ ವಾಹನಗಳಿಗೆ ನೂರಕ್ಕೆ 3-4, ಕಾರುಗಳಿಗೆ 6-7ರಷ್ಟು ಮೈಲೇಜು ಇಳಿಯುತ್ತದೆ ಎಂದಿತು. ಆ ನಷ್ಟ ತುಂಬುವಂತೆ ಬೆರಕೆ ಪೆಟ್ರೋಲಿನ ಬೆಲೆ ಕಡಿಮೆಯಿರಬೇಕು ಎಂದೂ ಬರೆಯಿತು. 2025ರಲ್ಲಿ 20 ಬಂತು, ಬೆಲೆ ಇಳಿಯಲಿಲ್ಲ. ಮೊಪೆಡ್ಡಿನ ಮೇಲೆ ಬಟ್ಟೆಗಂಟು ಹೇರಿಕೊಂಡು ಸಂತೆ ಸುತ್ತುವವನು ತಿಂಗಳಿಗೆ 50 ಲೀಟರು ಸುಟ್ಟರೆ, ಅದರಲ್ಲಿ ಹೆಚ್ಚುಕಡಿಮೆ ಎರಡು ಲೀಟರು ಅವನಿಗೆ ಹೊಸ ಖರ್ಚು.

ಬ್ರೆಜಿಲ್ ದೇಶ ಈ ದಾರಿ ಹಿಡಿದದ್ದು 1975ರಲ್ಲಿ. ಅಲ್ಲಿಯೂ ಪೆಟ್ಟು ತಿಂದಿದ್ದಾರೆ. 1989ರಲ್ಲಿ ಸಕ್ಕರೆಗೆ ಬೆಲೆ ಬಂದಾಗ ಕಾರ್ಖಾನೆಗಳು ಮದ್ಯಸಾರ ಬಿಟ್ಟು ಸಕ್ಕರೆ ಹಿಡಿದವು; ಮದ್ಯಸಾರದ ಕಾರು ಕೊಂಡವರು ಬಂಕಿನ ಮುಂದೆ ಸಾಲುಗಟ್ಟಿದರು. 2003ರಿಂದ ಎರಡಕ್ಕೂ ಒಗ್ಗುವ ಎಂಜಿನ್ ಬಂತು. ಎರಡರ ಬೆಲೆಯನ್ನೂ ಬಂಕಿನಲ್ಲಿ ಬರೆದಿರುತ್ತಾರೆ. ಮದ್ಯಸಾರದ ಬೆಲೆ ಪೆಟ್ರೋಲಿನ ಬೆಲೆಯಲ್ಲಿ ನೂರಕ್ಕೆ 70ಕ್ಕಿಂತ ಕಡಿಮೆಯಿದ್ದರೆ ಅದನ್ನು, ಇಲ್ಲವಾದರೆ ಇನ್ನೊಂದನ್ನು ಜನ ಹಾಕಿಸುತ್ತಾರೆ. ಆಯ್ಕೆ ಕೊಳ್ಳುವವನ ಕೈಯಲ್ಲಿದೆ.

ರೈತನಿಗೆ ಲಾಭವಾಯಿತಲ್ಲ ಎನ್ನುವವರಿದ್ದಾರೆ. ಕಬ್ಬಿನ ಬಾಕಿ ಮೊದಲಿಗಿಂತ ಬೇಗ ಬರುತ್ತಿದೆ, ನಿಜ. ಆದರೂ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು, 3,300ಕ್ಕೆ ಒಪ್ಪಿ ಎದ್ದರು. ಸಕ್ಕರೆ ಒಂದೇ ಅಲ್ಲ, ಎಥನಾಲ್, ವಿದ್ಯುತ್ ಎಲ್ಲವೂ ಇದೇ ಕಬ್ಬಿನಿಂದ ಹುಟ್ಟುತ್ತಿರುವಾಗ ಅದರ ಪಾಲೆಲ್ಲಿ ಎಂಬುದು ಬೆಳೆಗಾರರ ಪ್ರಶ್ನೆ. ನೀರಿನ ಲೆಕ್ಕ ಬೇರೆ. ಕಬ್ಬಿನ ಒಂದು ಲೀಟರು ಎಥನಾಲಿಗೆ, ಗದ್ದೆಗೆ ಹರಿಸಿದ್ದೂ ಸೇರಿ, 2,860 ಲೀಟರು ನೀರು ಎಂದು ಅದೇ ವರದಿ ಹೇಳುತ್ತದೆ.

ಕಾರ್ಖಾನೆಗಳ ಉರುವಲಿಗೂ ಇದೇ ಮಾತು. ಕಬ್ಬಿನ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ಸಕ್ಕರೆ ಕಾರ್ಖಾನೆ ತನ್ನ ಹಬೆಯನ್ನೂ ವಿದ್ಯುತ್ತನ್ನೂ ತಾನೇ ಮಾಡಿಕೊಳ್ಳುತ್ತದೆ, ಒಳ್ಳೆಯ ಕೆಲಸ. ಭತ್ತದ ತೂಕದಲ್ಲಿ ಐದರಲ್ಲೊಂದು ಪಾಲು ಹೊಟ್ಟು. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಒಲೆ ಉರಿಯುವುದು ಆ ಹೊಟ್ಟಿನಿಂದ. ದೊಡ್ಡ ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಹೊಟ್ಟಿಗೆ ತಿರುಗಿದರೆ ಗಾಳಿಗೆ ಒಳ್ಳೆಯದು. ಲಾರಿ ಲೆಕ್ಕದಲ್ಲಿ ಕೊಳ್ಳುವವರ ಎದುರು ಮೂಟೆ ಲೆಕ್ಕದಲ್ಲಿ ಕೊಳ್ಳುವ ಭಟ್ಟಿಯವನು ನಿಲ್ಲುವುದು ಹೇಗೆ ಎಂಬುದನ್ನೂ ಯೋಚಿಸಬೇಕಲ್ಲವೆ?

ಈ ಸಭೆಯ ಮುಂದೆ ಇಡುತ್ತಿರುವ ಬೇಡಿಕೆಗಳು ಹೆಚ್ಚಿಲ್ಲ. ಕಾಕಂಬಿ, ಸಿಪ್ಪೆ, ಕೆಟ್ಟ ಧಾನ್ಯ ಇವು ಮೊದಲು ಬಟ್ಟಿಗೆ ಹೋಗಲಿ. ಪಡಿತರಕ್ಕೆ ರಾಜ್ಯಗಳು ಕೇಳಿದ ಅಕ್ಕಿ ಪೂರ್ತಿ ಕೊಟ್ಟಾದ ಮೇಲೆಯೇ ಗೋದಾಮಿನ ಅಕ್ಕಿ ಕಾರ್ಖಾನೆಗೆ ಹೋಗಲಿ, ಅದೂ ನಿಗಮಕ್ಕೆ ಬಿದ್ದ ಬೆಲೆಗೆ. ಬೆರಕೆ ಎಷ್ಟು, ಅದಕ್ಕೆ ಬೆಲೆ ಎಷ್ಟು ಇಳಿಸಿದೆ ಎಂದು ಪ್ರತಿ ಬಂಕಿನ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಯಲಿ. ಭಟ್ಟಿಗಳಿಗೆ ಹೊಟ್ಟು ಸಿಗುವ ಏರ್ಪಾಡನ್ನು ಸಹಕಾರ ಸಂಘದ ಮೂಲಕ ಮಾಡಲಿ. ಕಾಗದ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಓದಿ, ತಿದ್ದುವುದಿದ್ದರೆ ತಿದ್ದಿ, ಆಮೇಲೆ ಸಹಿ ಹಾಕಿ.