‘ದಾಖಲೆ ಇಲ್ಲ’ ಎಂದು ಬರೆಯುವ ಮುನ್ನ

ಪದವಿ ಪಡೆದ ಮಕ್ಕಳೇ,

ಅಭಿನಂದನೆಗಳು. ಚಿನ್ನದ ಪದಕ ಪಡೆದವರಿಗೆ ಒಂದು ಹಿಡಿ ಹೆಚ್ಚು, ಎರಡನೇ ಸಲ ಬರೆದು ಪಾಸಾದವರಿಗೆ ಎರಡು ಹಿಡಿ ಹೆಚ್ಚು. ಇನ್ನು ನನ್ನ ಮಾತಿಗೆ ಬರುತ್ತೇನೆ.

ಬೆಳಿಗ್ಗೆ ಇಲ್ಲಿಗೆ ಬರುವಾಗ ಮೈಸೂರಿನ ರಾಮಸ್ವಾಮಿ ವೃತ್ತದ ಸಿಗ್ನಲ್‌ನಲ್ಲಿ ಕಾರು ನಿಂತಿತು. ನನ್ನನ್ನು ಕರೆತರಲು ಬಂದಿದ್ದ ವಿದ್ಯಾರ್ಥಿಯನ್ನು ‘ಈ ರಾಮಸ್ವಾಮಿ ಯಾರಪ್ಪಾ?’ ಎಂದು ಕೇಳಿದೆ. ‘ಯಾರೋ ಹಳೇ ಲೀಡರ್ ಇರಬೇಕು ಸಾರ್’ ಅಂದ. ಲೀಡರ್ ಅಲ್ಲ ಮಕ್ಕಳೇ, ವಿದ್ಯಾರ್ಥಿ. ನಿಮಗಿಂತ ಚಿಕ್ಕವನು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಮೈಸೂರು ಸಂಸ್ಥಾನಕ್ಕೆ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿಯಲ್ಲಿ ಅವನು ಗುಂಡೇಟಿಗೆ ಬಿದ್ದ. ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಆ ಹುಡುಗ ಅದನ್ನು ನೋಡಲಿಲ್ಲ. ನೋಡಲು ಉಳಿದವರು ಮುಂದೆ ಏನು ಮಾಡಿದರು? ಮೂವತ್ತೈದು ವರ್ಷ ಸರ್ಕಾರಿ ಮೇಜಿನ ಹಿಂದೆ ಕೂತ ನನ್ನನ್ನು ಕಾಡುವ ಪ್ರಶ್ನೆ ಇದು.

ಆ ತಲೆಮಾರಿನಲ್ಲಿ ಉಳಿದವರಲ್ಲಿ ಒಬ್ಬರು ಬಿ.ವಿ. ಕಕ್ಕಿಲ್ಲಾಯ. 1919ರಲ್ಲಿ ಕಾಸರಗೋಡು ಸೀಮೆಯ ಅನುಕೂಲಸ್ಥ ಕೃಷಿಕ ಮನೆತನದಲ್ಲಿ ಹುಟ್ಟಿದರು. ಆಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲ್ಲೂಕು. ಚಿಕ್ಕ ವಯಸ್ಸಿನಲ್ಲೇ ಸ್ವಾತಂತ್ರ್ಯ ಹೋರಾಟಕ್ಕೂ ಕಮ್ಯೂನಿಸ್ಟ್ ಪಕ್ಷಕ್ಕೂ ಬಂದರು, ಸೆರೆಮನೆ ಕಂಡರು, ಭೂಗತರಾಗಿದ್ದರು. ಅದೇ ತಾಲ್ಲೂಕಿನ ಕಯ್ಯೂರಿನಲ್ಲಿ 1941ರ ಮಾರ್ಚ್‌ನಲ್ಲಿ ರೈತರ ಮೆರವಣಿಗೆಯೊಂದರಲ್ಲಿ ಒಬ್ಬ ಪೊಲೀಸಿನವನು ಸತ್ತ. ಎರಡು ವರ್ಷದ ಮೇಲೆ, 1943ರ ಮಾರ್ಚ್ 29ರಂದು, ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಐದನೆಯವನು ಪ್ರಾಯಕ್ಕೆ ಬಂದಿರಲಿಲ್ಲವೆಂದು ಉಳಿದ. ನಿರಂಜನರ ‘ಚಿರಸ್ಮರಣೆ’ ಕಾದಂಬರಿ ಓದಿದವರಿಗೆ ಇದು ಗೊತ್ತು. ಓದದವರು ಈ ವಾರ ಓದಿ.

ಆ ನೆಲದಿಂದ ಬಂದ ಕಕ್ಕಿಲ್ಲಾಯರು 1952ರಲ್ಲಿ, ಮೂವತ್ತಮೂರರ ಪ್ರಾಯದಲ್ಲಿ, ಮದ್ರಾಸ್ ರಾಜ್ಯದಿಂದ ರಾಜ್ಯಸಭೆಗೆ ಹೋದರು. ಕರ್ನಾಟಕದ ಏಕೀಕರಣಕ್ಕೆ ದುಡಿದರು. 1956ರ ನವೆಂಬರ್ 1ರಂದು ಏಕೀಕರಣ ಆಯಿತು, ಅವರು ಹುಟ್ಟಿದ ಕಾಸರಗೋಡು ಕೇರಳಕ್ಕೆ ಹೋಯಿತು. ಇಷ್ಟು ನೋವುಂಡ ಮನುಷ್ಯ ಕಹಿಯಾಗಿ ಮನೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. 1972ರಲ್ಲಿ ಬಂಟ್ವಾಳದಿಂದ, 1978ರಲ್ಲಿ ವಿಟ್ಲದಿಂದ ವಿಧಾನಸಭೆಗೆ ಬಂದರು. ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲ ಅದು. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಭೂಮಿಯೆಲ್ಲ ಆ ದಿನಕ್ಕೆ ಸರ್ಕಾರದ್ದಾಯಿತು, ಉಳುವವನು ‘ನಮೂನೆ 7’ರಲ್ಲಿ ಅರ್ಜಿ ಹಾಕಿದರೆ ಹಕ್ಕು ಅವನದ್ದು.

ನಿಮ್ಮ ಪರೀಕ್ಷೆಗೆ ಇದು ಒಂದು ಅಂಕದ ಪ್ರಶ್ನೆ. ನನಗೆ ಇದೇ ಮೊದಲ ನೌಕರಿ.

ಮೈಸೂರಿನಲ್ಲಿ ಡಿಗ್ರಿ ಮುಗಿಸಿ 1975ರಲ್ಲಿ ಕರಾವಳಿಯ ಒಂದು ತಾಲ್ಲೂಕಿನ ಭೂನ್ಯಾಯ ಮಂಡಳಿಗೆ ಗುಮಾಸ್ತನಾಗಿ ಹೋದೆ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಊರಿನ ನಾಲ್ವರು ಸದಸ್ಯರು. ವಕೀಲರಿಗೆ ಆಗ ಪ್ರವೇಶವಿರಲಿಲ್ಲ. ಒಡೆಯನೂ ಒಕ್ಕಲೂ ಎದುರುಬದುರು ನಿಂತು ತಾವೇ ಮಾತಾಡಬೇಕು. ನನಗೆ ತುಳು ಬರುತ್ತಿರಲಿಲ್ಲ. ಬೈಲು, ಮಜಲು, ಬೆಟ್ಟು ಎಂದರೆ ಗದ್ದೆಯ ಮೂರು ತರ ಎಂಬುದೂ ಗೊತ್ತಿರಲಿಲ್ಲ. ಅಕ್ಷರ ಮಾತ್ರ ದುಂಡಗಿತ್ತು.

ಒಂದು ದಿನ ಒಬ್ಬ ಮುದುಕಿ ಬಂದಳು. ಚಾಲಗೇಣಿ ಒಕ್ಕಲು, ಅಂದರೆ ಒಡೆಯ ಬೇಕೆಂದಾಗ ಬಿಡಿಸಬಹುದಾದ ಗೇಣಿಯವಳು. ಗಂಡ ಸತ್ತಿದ್ದ. ಗೇಣಿ ಚೀಟಿ ಇದೆಯಾ ಎಂದು ಕೇಳಿದರೆ ಇಲ್ಲ. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಳೆದದ್ದು ಅವಳಿಗೆ ಗೊತ್ತು, ಒಡೆಯನಿಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ಅವಳು ತುಳುವಿನಲ್ಲಿ ಏನೋ ಉದ್ದಕ್ಕೆ ಹೇಳುತ್ತಲೇ ಇದ್ದಳು. ನಾನು ‘ದಾಖಲೆ ಇಲ್ಲ’ ಎಂದು ಬರೆದು ಮುಂದಿನ ಕಡತ ತೆಗೆದೆ.

ನಮ್ಮ ಶಿರಸ್ತೇದಾರರು ಹಿಂದೆ ನಿಂತಿದ್ದರು. ಬೈಯಲಿಲ್ಲ. ಆ ಎರಡು ಪದದ ಮೇಲೆ ಒಂದು ಗೆರೆ ಎಳೆದರು, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಆಮೇಲೆ ಮುದುಕಿಯನ್ನು ಕೂರಿಸಿ ತುಳುವಿನಲ್ಲೇ ಕೇಳಿದರು: ಆಟಿ ತಿಂಗಳ ಮಳೆಗೆ ಗದ್ದೆಯ ಯಾವ ಹುಣಿ (ಬದು) ಒಡೆಯುತ್ತದೆ? ಯಾರು ಕಟ್ಟುತ್ತಾರೆ? ಮೊದಲ ಬೆಳೆ ಏಣೆಲು ಆದ ಮೇಲೆ ಎರಡನೆಯ ಬೆಳೆ ಸುಗ್ಗಿಗೆ ನೀರು ಎಲ್ಲಿಂದ ತಿರುಗಿಸುತ್ತೀರಿ? ಅವಳು ಹೇಳಿದ್ದನ್ನು ಅವರು ಕನ್ನಡದಲ್ಲಿ ಹೇಳಿದರು, ನಾನು ಬರೆದೆ. ನಾಲ್ಕು ಪುಟವಾಯಿತು. ಮರುವಾರ ಸ್ಥಳ ತನಿಖೆಗೆ ಹೋದೆವು. ಅವಳು ಹೇಳಿದ ಜಾಗದಲ್ಲೇ ಹುಣಿ ಒಡೆದಿತ್ತು, ಅವಳು ಹೇಳಿದ ಹಲಸಿನ ಮರದ ಬುಡದಿಂದಲೇ ನೀರು ಬರುತ್ತಿತ್ತು. ಒಡೆಯನ ಕಡೆಯವರಿಗೆ ಆ ಹುಣಿ ಯಾವುದೆಂದೇ ತಿಳಿದಿರಲಿಲ್ಲ. ಹಕ್ಕು ಅವಳಿಗಾಯಿತು.

ವಾಪಸು ಬರುವಾಗ ಕೆಸರಲ್ಲಿ ನನ್ನ ಚಪ್ಪಲಿ ಕಿತ್ತುಹೋಗಿತ್ತು. ಶಿರಸ್ತೇದಾರರು ಬರಿಗಾಲಲ್ಲೇ ಮುಂದೆ ನಡೆಯುತ್ತ, ತಿರುಗಿ ನೋಡದೆ ಅಂದರು: ‘ಅವಳ ಬಾಯಿಯೇ ದಾಖಲೆ. ಅದನ್ನು ಬರೆಯೋದಕ್ಕೆ ನಿಂಗೆ ಸಂಬಳ.’ ಅವರು ತೀರಿಕೊಂಡು ಬಹಳ ವರ್ಷವಾಯಿತು. ಯಾವ ಪ್ರಶಸ್ತಿಯೂ ಅವರಿಗೆ ಬರಲಿಲ್ಲ. ನನ್ನ ಬದುಕಿನ ವಿಶ್ವವಿದ್ಯಾನಿಲಯ ಅವರೇ.

ಈಗ ದೂರದ ಒಂದು ದೇಶದ ವಿಷಯ ಹೇಳುತ್ತೇನೆ. ಬಲ್ಗೇರಿಯಾದ ತೋದೋರ್ ಝಿವ್ಕೊವ್ ಬಡ ರೈತರ ಮನೆಯ ಹುಡುಗ, ಮುದ್ರಣಾಲಯದ ಕೆಲಸಗಾರ, ಕಕ್ಕಿಲ್ಲಾಯರಂತೆ ಕಮ್ಯೂನಿಸ್ಟ್. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಜೊತೆಗಿದ್ದ ಸರ್ಕಾರದ ವಿರುದ್ಧ ಗುಪ್ತ ಹೋರಾಟದಲ್ಲಿದ್ದ. 1954ರಲ್ಲಿ ಪಕ್ಷದ ಚುಕ್ಕಾಣಿ ಹಿಡಿದವನು 1989ರ ನವೆಂಬರ್‌ವರೆಗೆ ಬಿಡಲಿಲ್ಲ. 1984–85ರ ಚಳಿಗಾಲದಲ್ಲಿ ಅವನ ಸರ್ಕಾರ ಅಲ್ಲಿನ ತುರ್ಕಿ ಜನರ ಹೆಸರುಗಳನ್ನೇ ಬಲವಂತವಾಗಿ ಬದಲಾಯಿಸಿತು. 1989ರ ಬೇಸಿಗೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಗಂಟುಮೂಟೆ ಕಟ್ಟಿಕೊಂಡು ಟರ್ಕಿಗೆ ಹೋದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಜ್ಞೆ ಹೊರಡಿಸಿದವನಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಯಾವುದೋ ಊರಿನ ಕಚೇರಿಯಲ್ಲಿ ರಿಜಿಸ್ಟರ್ ತೆರೆದು, ಒಬ್ಬ ಅಜ್ಜಿಯ ಹೆಸರು ಹೊಡೆದುಹಾಕಿ ಇನ್ನೊಂದು ಹೆಸರು ಬರೆದ ಗುಮಾಸ್ತ. ಅವನ ಅಕ್ಷರವೂ ದುಂಡಗಿದ್ದಿರಬೇಕು. ಅವನ ಹಿಂದೆ ಒಬ್ಬ ಶಿರಸ್ತೇದಾರ ನಿಂತಿರಲಿಲ್ಲ.

ಕಕ್ಕಿಲ್ಲಾಯರಂಥವರಿಗೆ ಇಲ್ಲಿ ಚುನಾವಣೆ ಎಂಬ ಲಗಾಮಿತ್ತು, ಎದುರು ಪಕ್ಷವಿತ್ತು, ಕೋರ್ಟಿತ್ತು. ಶಾಸಕತನ ಮುಗಿದ ಮೇಲೆ ಅವರು ಕೂತು ಕನ್ನಡದಲ್ಲಿ ಪುಸ್ತಕ ಬರೆದರು. ಆತ್ಮಕಥೆಗೆ ‘ಬರೆಯದ ದಿನಚರಿಯ ಮರೆಯದ ಪುಟಗಳು’ ಎಂದು ಹೆಸರಿಟ್ಟರು. 2012ರಲ್ಲಿ, ತೊಂಬತ್ತಮೂರರ ಪ್ರಾಯದಲ್ಲಿ ತೀರಿಕೊಂಡರು.

ನಾವು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಗೇಣಿ ಇಲ್ಲದ ಕೂಲಿಯವರಿಗೆ ಆ ಭೂಸುಧಾರಣೆ ಕಾಯಿದೆಯಿಂದ ದಕ್ಕಿದ್ದು ಬಹಳ ಕಡಿಮೆ. ನಾಟಿ ಮಾಡಿದ ಹೆಂಗಸರಿದ್ದ ಮನೆಗಳಲ್ಲೂ ಹಕ್ಕುಪತ್ರಕ್ಕೆ ಗಂಡಸಿನ ಹೆಸರನ್ನೇ ಬರೆದೆವು. ಬರೆದ ಕೈಗಳಲ್ಲಿ ಇದೂ ಒಂದು. ಆದರೆ 2020ರಲ್ಲಿ ಅದೇ ಕಾಯಿದೆಯ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಎಷ್ಟೇ ಆದಾಯದವರೂ ಕೃಷಿಭೂಮಿ ಕೊಳ್ಳಬಹುದು ಎಂದಾಗ ನನ್ನ ಎದೆ ಕುಸಿಯಿತು. ನಂಜನಗೂಡು ರಸ್ತೆಯಲ್ಲಿ, ಇಲವಾಲದ ಕಡೆ ಒಂದು ಸುತ್ತು ಹೋಗಿ ಬನ್ನಿ, ಗದ್ದೆ ಎಲ್ಲಿತ್ತು ಎಂದು ಕೇಳಬೇಕಾಗಿದೆ. ಇದು ತಪ್ಪೆಂದು ನನ್ನ ಅಭಿಪ್ರಾಯ. ಸರಿ ಎನ್ನುವವರು ನಿಮ್ಮಲ್ಲಿರಬಹುದು. ಇರಿ, ಆದರೆ ಆ ಕಲಂ ಓದಿ ಹೇಳಿ. ನಿಮ್ಮ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಪ್ರತಿಭಟನೆಗೆ ಬರುತ್ತೀರಿ, ಘೋಷಣೆ ಕೂಗುತ್ತೀರಿ, ಯಾವ ತಿದ್ದುಪಡಿ ಎಂದರೆ ಫೋನಿನಲ್ಲಿ ಬಂದ ಎರಡು ಸಾಲು ತೋರಿಸುತ್ತೀರಿ. ಗೆಜೆಟ್ ತೆರೆಯಲು ಬೇಸರ. ರೈತರ ಮಕ್ಕಳೇ ಪಹಣಿಯ ಕಾಲಂ ಯಾವುದು ಏನು ಎಂದು ಹೇಳಲಾರಿರಿ.

ಹಾಗಾಗಿ ನನ್ನ ಕೆಲವು ಕೋರಿಕೆ. ಮನೆಗೆ ಹೋದವರು ಪಹಣಿ ತೆಗೆಸಿ, ಅಮ್ಮನ ಹೆಸರು, ಅಕ್ಕನ ಹೆಸರು ಅದರಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಅಪ್ಪನ ಹತ್ತಿರ ಮಾತಾಡಿ, ಊಟದ ಮುಂಚೆ ಬೇಡ, ಆಮೇಲೆ. ಕೆಲಸಕ್ಕೆ ಎಲ್ಲಿಗೆ ಹೋದರೂ ಅಲ್ಲಿನ ಮಾತು ಆರು ತಿಂಗಳಲ್ಲಿ ಕಲಿಯಿರಿ. ಜನ ಹೇಳಿದ್ದನ್ನು ಅವರ ಮುಂದೆಯೇ ಬರೆಯಿರಿ, ಬರೆದದ್ದನ್ನು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಕೇಳಿ. ಮೊದಲ ಸಂಬಳದಲ್ಲಿ ಕೆಸರಿಗೆ ತಡೆಯುವ ಚಪ್ಪಲಿ ಕೊಳ್ಳಿ.

ಇನ್ನೊಂದು. ಹಳೆಯ ಕೈಬರಹದ ದಾಖಲೆ ಓದುವುದನ್ನು ನಾನು ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕುವೆಂಪುನಗರದ ನನ್ನ ಮನೆಯ ಜಗಲಿಯಲ್ಲಿ ಹೇಳಿಕೊಡುತ್ತೇನೆ. ದುಡ್ಡಿಲ್ಲ, ಸರ್ಟಿಫಿಕೇಟೂ ಇಲ್ಲ, ಕಾಫಿ ಇದೆ. ಹೋದ ವರ್ಷ ಮೂವರು ಬಂದಿದ್ದರು. ವಿಳಾಸ ನಿಮ್ಮ ಅಧ್ಯಾಪಕರ ಹತ್ತಿರ ಇದೆ. ಬರುವಾಗ ಒಂದು ಪೆನ್ಸಿಲ್ ತನ್ನಿ.