ಉದ್ರಿ ಪುಸ್ತಕ

ರೋಣದಲ್ಲೋ ನರಗುಂದದಲ್ಲೋ ಬೆಳಿಗ್ಗೆ ಒಂದು ಕಿರಾಣಿ ಅಂಗಡಿಯ ಮುಂದೆ ನಿಂತು ನೋಡಿ. ಉದ್ರಿ ಒಯ್ಯಲು ಬಂದ ತಾಯಿಯ ಕೈಯಲ್ಲಿ ಎಣ್ಣೆ ಜಿಡ್ಡಿನ ಸಣ್ಣ ಪುಸ್ತಕ. ಅರ್ಧ ಕೆಜಿ ಬೆಲ್ಲ, ಒಂದು ಪಾಕೀಟು ಚಹಾಪುಡಿ. ಅಂಗಡಿಯವರು ತಮ್ಮ ಖಾತೆಯಲ್ಲಿ ಬರೆದದ್ದನ್ನೇ ಅದರಲ್ಲೂ ಬರೆಯುತ್ತಾರೆ. ಲೆಕ್ಕ ಎರಡೂ ಕಡೆ ಇದ್ದರೆ ಜಗಳ ಕಡಿಮೆ.

ಬ್ಲಾಕ್‌ಚೈನ್ ಎಂಬ ದೊಡ್ಡ ಹೆಸರಿನ ಒಳಗಿರುವುದೂ ಇದೇ ಮಾತು. ಅಲ್ಲಿ ಒಂದೇ ಪುಸ್ತಕದ ಪ್ರತಿಗಳು ಸಾವಿರಾರು ಕಂಪ್ಯೂಟರುಗಳಲ್ಲಿರುತ್ತವೆ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಇರುತ್ತದೆ. ಹಳೆಯ ಒಂದು ಅಂಕಿ ತಿದ್ದಿದರೂ ಮುಂದಿನ ಗುರುತುಗಳೆಲ್ಲ ತಪ್ಪಿ, ಉಳಿದವರಿಗೆ ಗೊತ್ತಾಗಿಬಿಡುತ್ತದೆ. 2009ರಲ್ಲಿ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಶುರುವಾದದ್ದು ಈ ನಂಬಿಕೆಯ ಮೇಲೆ.

ಅದರ ಬೆಲೆಯ ಏರಿಳಿತ ನನ್ನನ್ನು ಅಷ್ಟಾಗಿ ಸೆಳೆದಿಲ್ಲ. ಅದನ್ನು ನಡೆಸುವ ತಂತ್ರಾಂಶವನ್ನು ಎಲ್ಲರ ಮುಂದೆ ತೆರೆದಿಟ್ಟ ಮನಸ್ಸು ಮಾತ್ರ ತುಂಬ ಹಿಡಿಸಿದೆ. ಯಾರು ಬೇಕಾದರೂ ಓದಬಹುದು, ತಪ್ಪು ಹುಡುಕಬಹುದು, ತಿದ್ದಿ ಕಳಿಸಬಹುದು. ಗಜೇಂದ್ರಗಡದ ಹುಡುಗಿಯೊಬ್ಬಳು ರಾತ್ರಿ ಕೂತು ತಿದ್ದಿದ ಒಂದು ಸಾಲು, ಸರಿಯಿದ್ದರೆ, ದೂರದ ದೇಶದ ಕಂಪ್ಯೂಟರಿನಲ್ಲೂ ಕೆಲಸ ಮಾಡುತ್ತದೆ.

ಲೆಕ್ಕವನ್ನು ಎಲ್ಲರ ಮುಂದೆ ತೆರೆದಿಡುವ ಈ ದಾರಿ ನಮ್ಮ ಗದಗ ಜಿಲ್ಲೆಗೆ ಹೊಸದೇನಲ್ಲ. 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ರೈತರು ಹಣ ಕೂಡಿಸಿ ತಮ್ಮವರಿಗೇ ಸಾಲ ಕೊಡುವ ಸಂಘ ಅದು. ಸಾಹುಕಾರರ ಕಪಾಟಿನ ಲೆಕ್ಕ ಊರ ನಡುವೆ ಬಂತು.

ಅಂಗಡಿಯ ಮುಂದೆ ಆ ತಾಯಿ ಇನ್ನೂ ನಿಂತಿದ್ದಾರೆ. ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದಾರೆ. ಅಂಗಡಿಯವರು ಪೆನ್ನು ಹಿಡಿದು ಕಾಯುತ್ತಿದ್ದಾರೆ.