ಕಟ್ಟಿದ ಕಂತು ಎಲ್ಲಿಗೆ ಹೋಗುತ್ತದೆ?



ನಮ್ಮ ಬೊಮ್ಮನಹಾಳ್ ಕಡೆ ವಿಮೆಯ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಇದು: “ಇಷ್ಟು ವರ್ಷ ಕಟ್ಟಿದೆವು, ಏನೂ ಆಗಲಿಲ್ಲ. ಆ ದುಡ್ಡು ಎಲ್ಲಿ ಹೋಯಿತು?” ನ್ಯಾಯವಾದ ಪ್ರಶ್ನೆಯೇ. ಕೂಲಿಯ ಪ್ರತಿ ರೂಪಾಯಿಗೂ ಲೆಕ್ಕ ಬೇಕು.

ಚೀಟಿ ಹಾಕುವುದು ನಮಗೆಲ್ಲ ಗೊತ್ತು. ಕಟ್ಟಿದ ಹಣ ಒಂದು ದಿನ ನಮ್ಮ ಸರದಿಗೆ ನಮಗೇ ಬರುತ್ತದೆ. ವಿಮೆಯ ಕಂತು ಹಾಗಲ್ಲ. ಬ್ಯಾಂಕಿನಲ್ಲಿ 18ರಿಂದ 50 ವಯಸ್ಸಿನವರು ಸೇರುವ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯನ್ನು ನೋಡೋಣ. ವರ್ಷಕ್ಕೆ 436 ರೂಪಾಯಿ. ಸಾವಿರ ಜನ ಕಟ್ಟಿದರೆ 4,36,000. ಆ ವರ್ಷ ಅವರಲ್ಲಿ ಇಬ್ಬರು ತೀರಿಕೊಂಡರೆ ಎರಡು ಮನೆಗಳಿಗೆ ತಲಾ ಎರಡು ಲಕ್ಷ. ಉಳಿದ 36,000ದಲ್ಲಿ ಬ್ಯಾಂಕಿನ, ಕಂಪನಿಯ ಖರ್ಚು. ಬದುಕಿರುವ 998 ಮಂದಿಗೆ ಹಿಂದಿರುಗಿಸಲು ಪೆಟ್ಟಿಗೆಯಲ್ಲಿ ಹಣವೆಲ್ಲಿ? 2015ರಲ್ಲಿ ಈ ಕಂತು 330 ಇತ್ತು. ಸಾವಿರ ಜನರಿಂದ 3,30,000, ಎರಡನೇ ಮನೆಗೆ ಸಾಲದು. ಕೊಡಬೇಕಾದ ಹಣ ಹೆಚ್ಚಾಗಿ, 2022ರ ಜೂನ್‌ನಲ್ಲಿ ಕಂತು ಏರಿಸಿದರು.

ಹಾಗಾದರೆ ಸುರಕ್ಷಾ ವಿಮೆ 20 ರೂಪಾಯಿಗೇ ಎರಡು ಲಕ್ಷ ಕೊಡುವುದು ಹೇಗೆ? ಅದು ಅಪಘಾತಕ್ಕೆ ಮಾತ್ರ. ಕಾಯಿಲೆಯಿಂದ ಸಾಯುವವರಿಗಿಂತ ಅಪಘಾತದಲ್ಲಿ ಸಾಯುವವರು ಕಡಿಮೆ, ಕಂತೂ ಕಡಿಮೆ. ಜ್ವರ, ಎದೆನೋವಿನ ಸಾವು ಇದರಲ್ಲಿ ಸೇರದು. ಶೇಂಗಾ ಹೊಲದಲ್ಲಿ ಹಾವು ಕಚ್ಚಿದರೆ, ಮರದಿಂದ ಬಿದ್ದರೆ ಸೇರುತ್ತದೆ. ಆದರೆ ಕೂಡಲೇ ಆಸ್ಪತ್ರೆಗೆ ಒಯ್ದ ದಾಖಲೆ ಬೇಕು. ಮೊದಲು ಮಂತ್ರ ಹಾಕಿಸಲು ಓಡುವವರು ಜೀವವನ್ನೂ ಕಳೆದುಕೊಳ್ಳುತ್ತಾರೆ, ಈ ಕಾಗದವನ್ನೂ.

ಏಜೆಂಟರು ತರುವ ಕೆಲವು ಜೀವ ವಿಮಾ ಪಾಲಿಸಿಗಳಲ್ಲಿ ಅವಧಿ ಮುಗಿದ ಮೇಲೆ ಹಣ ಬರುವುದು ನಿಜ. ಅಲ್ಲಿ ಕಂತಿನೊಳಗೆ ಉಳಿತಾಯವೂ ಸೇರಿರುತ್ತದೆ. ಅದಕ್ಕೇ ಕಂತು ದೊಡ್ಡದು.

ಬ್ಯಾಂಕಿನ ಈ ಎರಡು ವಿಮೆಗಳು ಮಾತ್ರ ಜೂನ್ 1ರಿಂದ ಮೇ 31ರವರೆಗಿನ ಕಾವಲು. ಮೇ ಕೊನೆಗೆ ಬ್ಯಾಂಕು ತಾನೇ ಖಾತೆಯಿಂದ ಮುರಿದುಕೊಳ್ಳುತ್ತದೆ. ನಮಗೋ ಅದು ಕೈ ಬರಿದಾದ ಕಾಲ. ಹೊಲದಲ್ಲಿ ಕೆಲಸವಿಲ್ಲ, ಮಕ್ಕಳ ಶಾಲೆಯ ಖರ್ಚು ಎದುರಿಗಿದೆ, ಹಲವರು ದುಡಿಯಲು ಬಳ್ಳಾರಿಗೋ ಬೆಂಗಳೂರಿಗೋ ಹೋಗಿರುತ್ತಾರೆ. ಖಾತೆಯಲ್ಲಿ 456 ರೂಪಾಯಿ ಇಲ್ಲದಿದ್ದರೆ, ಹಿಂದೆ ಏಳು ವರ್ಷ ಕಟ್ಟಿದ್ದರೂ, ಕಾವಲು ನಿಂತುಹೋಗುತ್ತದೆ. ಮತ್ತೆ ಸೇರಬಹುದು, ಆದರೆ ಜೀವನ್ ಜ್ಯೋತಿಯಲ್ಲಿ ಮೊದಲ 30 ದಿನ ಅಪಘಾತದ ಸಾವಿಗಷ್ಟೇ ಹಣ.

ಆದ್ದರಿಂದ ಜೂನ್ ಮೊದಲ ವಾರ ಪಾಸ್‌ಬುಕ್ ಬರೆಸಿ, ಎರಡೂ ಕಂತು ಮುರಿದಿದೆಯೇ ನೋಡಿರಿ. ನಾಮಿನಿಯಾಗಿ ಯಾರ ಹೆಸರಿದೆ ಎಂದೂ ಕೇಳಿರಿ. ಹೆಂಡತಿಯ ಹೆಸರಿದ್ದರೆ, ಆಕೆಗೂ ಅದು ತಿಳಿದಿರಲಿ.